ತೂಕದ ಚೀಟಿ

ಹಿಟ್ಟಿನ ಮಿಲ್ಲು ರಾತ್ರಿ ಎಂಟಕ್ಕೆ ಬಂದ್.
ಅದರ ಮೇಲೆ, ಪೆನ್ಷನ್ ಮೊಹಲ್ಲಾದ ಒಂದೂವರೆ ಅಂಕಣದ ರೂಮಲ್ಲಿ
ಹನ್ನೆರಡು ಅಂಕಣದ ಬ್ಲೂಸ್ ಕಟ್ಟಲು ಕೂರುತ್ತೇನೆ,
ಲ್ಯಾಪ್‌ಟಾಪಿನ ಕೀಲಿ ಸಂದಿಗೂ ರಾಗಿಹಿಟ್ಟು.

ಕಿಟಕಿಯಾಚೆ ಟ್ರಾನ್ಸ್‌ಫಾರ್ಮರು
ಹಗಲೂ ರಾತ್ರಿ ಒಂದೇ ಶ್ರುತಿ ಹಿಡಿದು ಕೂತಿದೆ.
ಅಳೆದು ನೋಡಿದೆ: ಜಿ, ಒಂದು ಕೂದಲೆಳೆ ಮೇಲೆ.
ಅದನ್ನು ಸುಮ್ಮನಿರಿಸೋಕಂತೂ ಆಗಲ್ಲ,
ಹಾಡೇ ಜಿಯಲ್ಲಿರಲಿ ಅಂದೆ.

ಮೊದಲ ನಾಲ್ಕು ಅಂಕಣ ಮನೆಯಲ್ಲೇ.
ಐದಾರಕ್ಕೆ ಎದ್ದು ಸಿ ಕಡೆ ಹೋಗಿ
ಏಳೆಂಟಕ್ಕೆ ವಾಪಸ್.
ಒಂಬತ್ತು, ಎತ್ತರದ ಮೆಟ್ಟಿಲು, ಡಿ.
ಹತ್ತಕ್ಕೆ ಒಂದು ಇಳಿದು
ಹನ್ನೊಂದಕ್ಕೆ ಚಪ್ಪಲಿ ಬಿಟ್ಟು ಒಳಗೆ.
ಹನ್ನೆರಡರ ಕೊನೆಗೆ ಯಾರೋ ಕರೆದ ಹಾಗಾಗಿ
ಮತ್ತೆ ಹೊಸಿಲಿಗೆ.

ಬಾಸ್ ಸಿಕ್ಕಿತು, ಪುಕ್ಕಟೆ. ಪಿಯಾನೋನೂ ಪುಕ್ಕಟೆ,
ಹಳೇ ಮರ ಬಿರಿದ ಸದ್ದು ಬೇಕಂದರೆ ಅದಕ್ಕೂ ಒಂದು ತಿರುಪು.
ಡ್ರಮ್ಮಿನವನೂ ಸಿಕ್ಕಿದ: ಕೈಯಿಲ್ಲದವನು,
ಟೀ ಕೇಳದವನು, ಒಂದು ಸಲಕ್ಕೂ ತಪ್ಪದವನು.
ಅದೇ ತೊಂದರೆ.
ಎಷ್ಟು ಹೊಡೆದರೂ ಅವನ ಏಟು ನೂರು, ನೂರು, ನೂರು.

ನಾನು ಹಾಸನದ ಮಂಡಿಯಲ್ಲಿ ತೂಕದ ಗುಮಾಸ್ತ.
ಈಗ ಆಲೂಗಡ್ಡೆ ಸೀಸನ್ನು.
ಐವತ್ತು ಅಂತ ಹೊಲಿದ ಮೂಟೆ
ಐವತ್ತೇ ತೂಗಿದ್ದನ್ನು ಹದಿನಾಲ್ಕು ವರ್ಷದಲ್ಲಿ
ಬೆರಳೆಣಿಕೆಯಷ್ಟು ಸಲ ಕಂಡಿದ್ದೇನೆ.
ಮಣ್ಣಿರುತ್ತೆ, ಹಸಿ ಇರುತ್ತೆ,
ಒಮ್ಮೊಮ್ಮೆ ಯಾರದೋ ಹೊಲದ ಕಲ್ಲೂ.

ಜೇಬಲ್ಲಿ ಅವತ್ತಿನ ಚೀಟಿ ಇತ್ತು.
ನಲವತ್ತೊಂಬತ್ತು, ಐವತ್ತೊಂದು, ನಲವತ್ತೆಂಟು, ಐವತ್ಮೂರು.
ಎರಡರಿಂದ ಗುಣಿಸಿ
ಒಂದೊಂದು ಏಟಿಗೆ ಒಂದೊಂದು ಮೂಟೆ ಹೊರಿಸಿದೆ.
ಭಾರದ್ದು ತಡವಾಗಿ ಬರಬೇಕಲ್ಲ,
ಎಳ್ಳಷ್ಟು ಬಲಕ್ಕೆ ಜರುಗಿಸಿದೆ.
ಹಾಕಿ ಕೇಳಿದರೆ
ಡ್ರಮ್ಮಿನವನಿಗೆ ಸೊಂಟ ಬಂದಿತ್ತು.

ಭಾನುವಾರ ಬುಡೇನ್ ಬಂದ.
ಕಾಲರಿನಲ್ಲಿ ಗೋಣಿಯ ನಾರು, ಜೇಬಲ್ಲಿ ಮೌತ್ ಆರ್ಗನ್,
ಅದರಲ್ಲೆರಡು ತೂತು ಸತ್ತಿವೆ.
ಅವನಿಗೆಂದೇ ನಡುವೆ ಬಯಲು ಬಿಟ್ಟಿದ್ದೆ.
ಹೆಡ್‌ಫೋನ್ ಏರಿಸಿದೆ. ಒಂದು ಸುತ್ತು ಹೋಯಿತು, ಊದಲಿಲ್ಲ.
ಎರಡನೆಯದು. ಊದಲಿಲ್ಲ.
ಕಣ್ಣು ಮುಚ್ಚಿ, ಲಾರಿಯ ಹಲಗೆ ಹತ್ತುವವನ ಹಾಗೆ
ಮೊಣಕಾಲು ಮಾತ್ರ ಬಾಗಿಸುತ್ತಿದ್ದ.

"ಯಾರು ಗುಮಾಸ್ತ್ರೆ, ಹಿಂದೆ ಬರ್ತಿರೋದು?"
ಕಿವಿ ಮುಚ್ಚಿದವರ ಜೋರುದನಿ.
"ನಮ್ಮ ಮಂಡಿ ಹುಡುಗ್ರ ಹಾಗವ್ರೆ."

ಯಾರೂ ಇಲ್ಲ ಅನ್ನಬಹುದಿತ್ತು.
ಚೀಟಿ ತೋರಿಸಿದೆ.
ಬೆರಳಿಟ್ಟು ಇಳಿದುಕೊಂಡು ಬಂದ, ಒಂದು ಕಡೆ ನಿಂತ.
"ಈ ಐವತ್ಮೂರು ನನ್ನ ತಲೆ ಮೇಲೆ ಬಂದಿದ್ದು.
ಐವತ್ತರ ಕೂಲಿ ಕೊಟ್ರಿ."

ಆಮೇಲೆ ಊದಿದ.
ಐದನೇ ಅಂಕಣದಲ್ಲಿ ಎಲ್ಲರೂ ಸಿಗೆ ಹೊರಟರೆ
ಇವನೊಬ್ಬ ಹೋಗದೆ ನಿಂತ, ಸತ್ತ ತೂತಿನ ಪಕ್ಕದ ಸ್ವರ ಕಚ್ಚಿಕೊಂಡು,
ಉಸಿರು ಮುಗಿಯುವ ತನಕ.
ಅವನುಸಿರಿನ ಹಿಂದೆ ಟ್ರಾನ್ಸ್‌ಫಾರ್ಮರೂ ರೆಕಾರ್ಡಾಗಿದೆ.
ಎರಡನ್ನೂ ತಿದ್ದಲಿಲ್ಲ.

ಸೋಮವಾರ ಮಂಡಿಯಲ್ಲಿ
ಐವತ್ಮೂರು ಬಂದ ಕಡೆ ಐವತ್ಮೂರು ಅಂತಲೇ
ಕೂಗಿ ಹೇಳಿದೆ, ಸಾಹುಕಾರ ತಿರುಗಿ ನೋಡುವಷ್ಟು ಜೋರಾಗಿ.
ಕೂಲಿ ಎಂದಿನಷ್ಟೇ.