ಅಂಚು ಮುಟ್ಟಿದರೆ

ಕೆಳಗೆ ಗಿರವಿ ಅಂಗಡಿ, ಮೇಲೆ ನಮ್ಮ ತರಗತಿ.
ಎರಡಕ್ಕೂ ಒಂದೇ ಮೆಟ್ಟಿಲು.
ಉಂಗುರ ಕೆಳಗಿಟ್ಟು ಫೀಸು ಹಿಡಿದು
ಮೇಲೆ ಬಂದವರಿದ್ದಾರೆ;
ಎರಡೂ ರಸೀದಿಗಳದು ಒಂದೇ ಹಳದಿ.

ಇಲೋಯಿಲೊದ ಹಳೇ ಬಂದರು ಬೀದಿ.
ಹನ್ನೊಂದು ಕಂಪ್ಯೂಟರು, ಒಂಬತ್ತು ನಡೆಯುತ್ತವೆ.
ಶನಿವಾರ ಬೆಳಗ್ಗೆ ಮಕ್ಕಳಿಗೆ ಕೋಡಿಂಗು,
ವಾರದ ಸಂಜೆಗಳಲ್ಲಿ ದೊಡ್ಡವರಿಗೆ ಮೆಡಿಕಲ್ ಕೋಡಿಂಗು.
ಬೋರ್ಡು ಬರೆದವನು ಎರಡೂ ಒಂದೇ ಅಂದುಕೊಂಡು
ಲ್ಯಾಪ್‌ಟಾಪ್ ಹಿಡಿದ ಹುಡುಗನ ಕೊರಳಿಗೆ
ಸ್ಟೆತೊಸ್ಕೋಪು ತೊಡಿಸಿದ್ದ.
ಅಳಿಸಲು ಮತ್ತೆ ದುಡ್ಡು ಕೇಳಿದ. ಹಾಗೇ ಬಿಟ್ಟೆವು.

ಸಂಜೆಯ ಪಾಠ ಹೀಗೆ:
ಎಲ್ಲೋ ಅಮೆರಿಕದಲ್ಲಿ ಒಬ್ಬ ಮುದುಕಿ
ಹಿಮದ ಮೇಲೆ ಜಾರಿ ಬಿದ್ದಿದ್ದಾಳೆ.
ಮುರಿದ ಸೊಂಟಕ್ಕೊಂದು ಸಂಖ್ಯೆ, ಜಾರಿದ್ದಕ್ಕೊಂದು,
ಅಂಗಳದಲ್ಲೋ ರಸ್ತೆಯಲ್ಲೋ, ಅದಕ್ಕೂ ಒಂದು.
ತರಗತಿಯಲ್ಲಿ ಹಿಮ ತುಳಿದವರು ಯಾರೂ ಇಲ್ಲ.
ಕಂಡದ್ದೆಲ್ಲ ಹಾಲೋಹಾಲೋ ಲೋಟದಲ್ಲಿ,
ಹೆರೆದು, ಮೇಲೆ ಸಿಹಿ ಸುರಿದು.

ರೊದೆಲಿಯೊ ಕೈಯೆತ್ತಿದ: ಸರ್, ಹಸು ಗುದ್ದಿದರೆ
ಸಂಖ್ಯೆಯಿದೆ. ಕೋಣ ಗುದ್ದಿದರೆ?
ಪುಟ ತಿರುವಿದೆವು.
'ಗೊರಸುಳ್ಳ ಇತರ ಪ್ರಾಣಿ' ಅಂತ ಸಿಕ್ಕಿತು.
ಅಷ್ಟುದ್ದ ಕೋಡಿನ ಕೋಣಕ್ಕೆ
ಸ್ವಂತದ್ದೊಂದು ಕೋಡಿಲ್ಲ.

ಲುಡಿವಿನ ಹಿಂದಿನ ಸಾಲು. ಹದಿನೆಂಟು ವರ್ಷ ಸೂಲಗಿತ್ತಿ.
'ತೊಡಕಿಲ್ಲದ ಹೆರಿಗೆ: ಓ ಎಂಬತ್ತು' ಎಂದು ನಾನು ಓದಿದರೆ
'ಹಾಗೆ ಬರೆದವನು ಹೆತ್ತಿದ್ದನೇ?' ಅಂದಳು.
ಕರೆಂಟು ಹೋದರೂ ನಗು ನಿಲ್ಲಲಿಲ್ಲ.

ಬುಧವಾರ ಝೆಡ್ ಅಕ್ಷರದ ಪಾಠ.
ಝೆಡ್ ಅರವತ್ತಮೂರು ಬಿಂದು ನಾಲ್ಕು:
ಕುಟುಂಬದವರು ಕಾಣೆಯಾಗುವುದು, ತೀರಿಕೊಳ್ಳುವುದು.
ಲುಡಿವಿನ ಎದ್ದು ನಿಂತಳು.
'ಸರ್, ಇವು ಎರಡು.'
ಪುಸ್ತಕದಲ್ಲಿ ಒಂದೇ, ಅಂದೆ.
'ಎರಡು, ಸರ್. ಒಂದಕ್ಕೆ
ಒಂಬತ್ತು ರಾತ್ರಿ ಪ್ರಾರ್ಥನೆ ಹೇಳಿ
ಬಂದವರಿಗೆ ಕಾಫಿ ಕೊಟ್ಟು ಕಳಿಸಬಹುದು.
ಇನ್ನೊಂದಕ್ಕೆ, ಬಾಗಿಲಿಗೆ ಚಿಲಕ ಹಾಕುವ ಹಾಗಿಲ್ಲ.
ಇಂಜಿನ್ನಿನ ಸಾಲದ ಕಂತನ್ನು
ಅವರ ಹೆಸರಿನಲ್ಲೇ ಕಟ್ಟುತ್ತಿರಬೇಕು.'

ನನ್ನ ಬಳಿ ಇದ್ದದ್ದು ಪರೀಕ್ಷೆಯ ಉತ್ತರ:
ದಾಖಲೆಯಲ್ಲಿ ಇಲ್ಲದ್ದು ನಡೆದೇ ಇಲ್ಲ.
ಅದನ್ನೇ ಹೇಳಿದೆ. ಹೇಳಬಾರದಿತ್ತು.
ಅವಳು ಬರೆದುಕೊಂಡಳು,
ಅಡಿಗೆ ಕೆಂಪು ಗೆರೆ ಎಳೆದು.

ಶನಿವಾರ ಅದೇ ಕುರ್ಚಿಯಲ್ಲಿ ಅವಳ ಮಗ ಎಲ್ಪಿಡಿಯೊ.
ಕಾಲು ನೆಲಕ್ಕೆ ಎಟುಕದು.
ಬಣ್ಣದ ಇಟ್ಟಿಗೆ ಜೋಡಿಸಿದ ಹಾಗೆ ಪಾಠ:
ಹತ್ತು ಹೆಜ್ಜೆ ಸಾಗು. ಸದಾ ಸಾಗು.
ಅಂಚು ಮುಟ್ಟಿದರೆ ತಿರುಗು.
ಉಳಿದವರು ಬೆಕ್ಕು ಓಡಿಸಿದರು. ಇವನು ದೋಣಿ ಬಿಡಿಸಿದ,
ಎರಡೂ ಪಕ್ಕಕ್ಕೆ ಬಿದಿರಿನ ತೋಳು, ಮೂತಿಗೆ ಹಸಿರು,
ಮೈಮೇಲೆ ಅಮ್ಮನ ಹೆಸರು,
ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ನೀರಿನಲ್ಲಿ.

ಹಸಿರು ಬಾವುಟ ಒತ್ತಿದ.
ದೋಣಿ ಹೋಯಿತು. ಪರದೆಯ ತುದಿ ಮುಟ್ಟಿತು.
ತಿರುಗಿತು, ಬುಡಮೇಲಾಗಿ,
ಹೊಟ್ಟೆಯನ್ನು ಆಕಾಶಕ್ಕೆ ಮಾಡಿಕೊಂಡು
ದಡಕ್ಕೆ ಬಂತು.

ಮಕ್ಕಳೆಲ್ಲ ಹೋ ಎಂದು ನಕ್ಕರು.
ಮೊದಲ ದಿನ ಎಲ್ಲರ ಬೆಕ್ಕೂ ಹೀಗೇ ಮಗುಚುತ್ತದೆ;
ತಿದ್ದಲು ಒಂದು ಕ್ಲಿಕ್ಕು ಸಾಕು, ಎಡ-ಬಲ ಬಾಣದ ಗುರುತು.
ಬಗ್ಗಿ ಮೌಸಿಗೆ ಕೈ ಹಾಕಿದೆ.
'ಬೇಡ ಸರ್,' ಅಂದ. 'ಬಂತಲ್ಲ.'

ಹೋಗುವಾಗ ನೆಟ್ಟಗೆ. ಬರುವಾಗ ಬುಡಮೇಲು.
ಹೋಗುವಾಗ ನೆಟ್ಟಗೆ.

ಪಕ್ಕದ ಹುಡುಗಿ ನನ್ನ ತೋಳು ಎಳೆಯುತ್ತಿದ್ದಳು:
ಸರ್, ನನ್ನ ಬಾತುಕೋಳಿ ಕೂಗುತ್ತಲೇ ಇಲ್ಲ.
ಸ್ಪೀಕರಿನ ತಂತಿ ಕಳಚಿತ್ತು.
ಸಿಕ್ಕಿಸಲು ಮೇಜಿನಡಿ ತೂರಿದೆ.
ಸಿಕ್ಕಿಸಿದ ಮೇಲೂ
ಸ್ವಲ್ಪ ಹೊತ್ತು ಅಲ್ಲೇ ಇದ್ದೆ.