ಕಾಲಂ ಏಳು

ನಲವತ್ತೇಳನೇ ನಂಬರು ಬಿದ್ದದ್ದು ಆಟಿಯ ಹನ್ನೊಂದಕ್ಕೆ.
ಗಾಳಿ ಇರಲಿಲ್ಲ. ನೆಲ ನೀರು ಕುಡಿದೂ ಕುಡಿದೂ
ಹಿಡಿದದ್ದನ್ನು ಬಿಟ್ಟಿತು, ಅಷ್ಟೆ.
ನಾನು ತೋಡಿನ ಬದಿಯಲ್ಲಿ ಕಾಲಿನ ಉಂಬುಳ ಕೀಳುತ್ತಿದ್ದೆ.
ಸದ್ದು ಮುಗಿಯುವ ಮೊದಲೇ ಬೆಳಕು ಬಂತು.

ಅಡೂರಿನ ಕಾಡೊಳಗೆ ಇಲಾಖೆಯದೊಂದು ಚೌಕ:
ಐವತ್ತು ಮೀಟರಿಗೆ ಐವತ್ತು, ಮೂಲೆಗೊಂದು ಕಬ್ಬಿಣದ ಗೂಟ.
ಎದೆಮಟ್ಟದಲ್ಲಿ ಅಲ್ಯುಮಿನಿಯಂ ಬಿಲ್ಲೆ ತೊಟ್ಟ ಮರಗಳು
ರೇಷನ್ ಅಂಗಡಿಯ ಮುಂದೆ ನಿಂತವರ ಹಾಗೆ,
ಸಾಲು ಮಾತ್ರ ಇಲ್ಲ.
ವರ್ಷಕ್ಕೊಮ್ಮೆ ಟೇಪು ಸುತ್ತುತ್ತೇನೆ.
ಕೆಲವು ಒಂದು ಬೆರಳು ದಪ್ಪವಾಗುವಷ್ಟರಲ್ಲಿ
ನನ್ನ ಮಗಳು ಒಂದನೆಯಿಂದ ಏಳನೇ ಕ್ಲಾಸಿಗೆ ಹೋದಳು.

ರಿಜಿಸ್ಟರಿನ ಎರಡನೇ ಕಾಲಂ ಹೆಸರಿಗೆ.
ಸ್ಮಿಜಾ ಮೇಡಂ ತಂಬಕ ಎಂದರು.
ನಾನು ಬೋಗಿ ಎಂದೆ.
ಬುಟ್ಟಿಯ ಬಳ್ಳಿಗೆ ಬಂದಿದ್ದ ತುಕ್ರು
ನಮ್ಮಿಬ್ಬರನ್ನೂ ನೋಡಿದಳು. ಮರದ ಹೆಸರು ಹೇಳಲಿಲ್ಲ;
ಅದಕ್ಕೆ ಹಬ್ಬಿದ್ದ ಬಳ್ಳಿಯ ಹೆಸರು ಹೇಳಿದಳು,
ಬಳ್ಳಿ ಎಂದ ಮೇಲೆ ಮರ ಇದ್ದೇ ಇದೆಯಲ್ಲ ಎಂಬಂತೆ.
ಕಾಲಮಿನಲ್ಲಿ ಜಾಗ ಇದ್ದದ್ದು ಒಂದೇ ಹೆಸರಿಗೆ.

ಏಳನೇ ಕಾಲಂ: ಇದೆ / ಸತ್ತಿದೆ.
ಬೇಡದ್ದಕ್ಕೆ ಗೆರೆ ಹೊಡೆಯಬೇಕು.

ಹೊಡೆಯಲೆಂದೇ ಹೋದೆ, ಹದಿನೈದು ದಿನ ಬಿಟ್ಟು.
ತೊಗಟೆಯಡಿ ಹುಳು ಕೊರೆಯುವ ಸದ್ದು,
ನೆರೆಮನೆಯಲ್ಲಿ ಯಾರೋ ಕೊಬ್ಬರಿ ತುರಿದ ಹಾಗೆ.
ಬೇರು ಕಿತ್ತ ಗುಂಡಿಯಲ್ಲಿ ನೀರು, ನೀರಲ್ಲಿ ಗೊದಮೊಟ್ಟೆ,
ಗೊದಮೊಟ್ಟೆಗೆ ಕಾದ ನೀರೊಳ್ಳೆಯ ತಲೆ, ತಲೆ ಮಾತ್ರ.
ತುದಿಕೊಂಬೆಯ ಸೀತಾಳೆ ದಂಡೆ ನನ್ನ ಮೊಣಕಾಲಿನ ಬಳಿ ಹೂಬಿಟ್ಟಿದೆ,
ಬಿದ್ದ ಸುದ್ದಿ ಅದಕ್ಕಿನ್ನೂ ಮುಟ್ಟಿಲ್ಲ.
ಬಳ್ಳಿ ಆಗಲೇ ನಲವತ್ತೆಂಟಕ್ಕೆ ಕೈ ಚಾಚಿದೆ.
ಉಪ್ಪಳಿಗೆಯ ಬೀಜ ಎಲ್ಲಿ ಮಲಗಿತ್ತೋ,
ಬಿಸಿಲು ಕರೆದದ್ದೇ ತಡ, ಗುಂಪುಗುಂಪಾಗಿ ಎದ್ದಿದೆ.
ಬೇಗ ಬೆಳೆದು ಬೇಗ ಮುಗಿಯುವ ಜಾತಿ,
ನಾಲ್ಕು ಮನೆಯ ಕಡುಬಿಗೆ ಎಲೆ ಕೊಟ್ಟು.

ಅದರ ಕೆಳಗೆ
ಬೋಗಿಯದೇ ಮರಿಗಳು.
ಒಂಬತ್ತು ವರ್ಷದಿಂದ ಇದೇ ಎರಡು ಗೇಣು,
ಬೆಳೆಯದೆ, ಸಾಯದೆ, ತಾಯಿಯ ಕತ್ತಲೆಯಲ್ಲಿ.
ನನ್ನ ಲೆಕ್ಕದಲ್ಲಿ ಅವು ಇಲ್ಲ.
ಹೆಬ್ಬೆರಳಿಗಿಂತ ತೆಳುವಾದದ್ದನ್ನು ಎಣಿಸಕೂಡದು, ನಿಯಮ.
ಒಂದಕ್ಕೆ ಹೊಸ ಎಲೆ, ಎರಡು. ಕೆಂಪು.

ಎಲ್ಲ ಒಳ್ಳೆಯದಕ್ಕೇ ಎಂದು ಹೇಳಲಾರೆ.
ಮಂಗಟ್ಟೆ ಗೂಡು ಮಾಡುತ್ತಿದ್ದ ಪೊಟರೆ ಮಣ್ಣಿಗೆ ಮುಖ ಮಾಡಿದೆ.
ಕೈ ಹಾಕಿದರೆ ರಾಂಪತ್ರೆಯ ಬೀಜ,
ಹೆಣ್ಣು ತನ್ನನ್ನು ತಾನೇ ಮುಚ್ಚಿಕೊಂಡ ಗೋಡೆಯ ಚೂರು,
ಒಂದು ಗರಿ.
ಮಾಘ ಕಳೆದರೆ ಜೋಡಿ ಬರುತ್ತದೆ.
ಮರ ಇದ್ದ ಗಾಳಿಯ ಸುತ್ತ ಎಷ್ಟು ಸುತ್ತು ಹಾಕುತ್ತದೋ,
ಅದನ್ನು ಬರೆಯಲು ಕಾಲಂ ಇಲ್ಲ.

ಹಿಂದಿರುಗುವಾಗ ರಾತ್ರಿ. ಟಾರ್ಚಿನ ಸೆಲ್ಲು ಕೈಕೊಟ್ಟಿತ್ತು.
ಮರ ಉದ್ದಕ್ಕೂ ಹಸಿರಾಗಿ ಉರಿಯುತ್ತಿತ್ತು,
ಬಿಸಿಯಿಲ್ಲದೆ, ಹೊಗೆಯಿಲ್ಲದೆ.
ಹೆದರಿದೆ; ಸುಳ್ಳೇಕೆ.
ಆಮೇಲೆ ಹತ್ತಿರ ಹೋದೆ: ಅಣಬೆ, ಕಡಲೆಕಾಳಿನಷ್ಟಷ್ಟೆ.
ಆ ಬೆಳಕಿಗೆ ಬಿಲ್ಲೆ ಹಿಡಿದು ಓದಿದೆ.
ನಾಲ್ಕು ಕಂಡಿತು. ಏಳು ಕಾಣಲಿಲ್ಲ.

ಬೆಳಿಗ್ಗೆ ಮೇಡಂ ಫೋನು: ಏನು ಬರೆದಿರಿ, ಐತಪ್ಪಣ್ಣ?
ಪೆನ್ಸಿಲಿನಲ್ಲಿ ಬರೆದಿದ್ದೇನೆ, ಅಂದೆ.
ಹಾಳೆಗೆ ತೇವ ಹತ್ತಿ
ಪೆನ್ಸಿಲು ಏನನ್ನೂ ಹಿಡಿಸಿರಲಿಲ್ಲ.
ಏಳನೇ ಕಾಲಮಿನ ಮೂಲೆಯಲ್ಲಿ ಮಾತ್ರ
ಸಾಸಿವೆಯಷ್ಟು ಬೂಸ್ಟು,
ಬಿಳಿ.