ಅರ್ಧ ಸೀಸೆ

ಮುಚ್ಚಳ ತೆಗೆದರೆ ಮೊದಲು ಬರುವುದು ಜಗಳ.
ಉಗುರುಬಣ್ಣದ ಘಾಟು, ಹುಳಿ ಹಿಡಿದ ಹಣ್ಣು,
ಅಕ್ಕಿಡಬ್ಬದಲ್ಲಿ ಮರೆತ ರಸಬಾಳೆ
ಸಿಪ್ಪೆ ಕಪ್ಪಾಗಿ, ಒಳಗೆ ಜೇನಾಗಿ, ಆ ಜೇನೂ ಕೆಟ್ಟು.

'ತಡೀಮ್ಮ' ಎಂದರು ಮಂಡಿ ಮೊಹಲ್ಲಾದ ಮುನೀರ್ ಸಾಬರು,
ನಲವತ್ತು ವರ್ಷ ಊದುಬತ್ತಿಗೆ ಕಂಪು ಬೆರೆಸಿದ ಮೂಗು.
'ಇದೂ ವಯಸ್ಸಾದವರ ಹಾಗೆ. ಬಾಗಿಲು ತೆರೆದ ಕೂಡಲೇ ಬೈಯುತ್ತೆ.
ಆಮೇಲೆ ಕುರ್ಚಿ ಎಳೆದು ಕೂರಿಸುತ್ತೆ.'

ಕಾಗದದ ಪಟ್ಟಿಗೆ ಒಂದು ಹನಿ. ಗೋಡೆ ಗಡಿಯಾರ ನೋಡುತ್ತ ಕೂತೆವು.
ಕೆಳಗೆ ಬೀದಿಯಲ್ಲಿ ಕುಂಬಳಕಾಯಿ ಗಾಡಿ ಹಾದುಹೋಯಿತು.

ಹತ್ತನೇ ನಿಮಿಷಕ್ಕೆ ಪೀಚು.
ದೇವಾಜಮ್ಮಣ್ಣಿ ಅತ್ತೆ ಜನ್ಮದಲ್ಲಿ ತಿನ್ನದ ಹಣ್ಣು.
ಆದರೂ ಮೂವತ್ತು ವರ್ಷ ಅದನ್ನು ಕಿವಿಯ ಹಿಂದೆ ಇಟ್ಟುಕೊಂಡು
ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋದಳು.
'ನಂಬರ್ ಪ್ಲೀಸ್' ಎನ್ನುವಾಗ
ಆ ತುದಿಯವರಿಗೆ ತಲುಪದ ಹಣ್ಣು.

ಅದರ ಹಿಂದೆ ಹೂ. ನಮ್ಮ ಮಲ್ಲಿಗೆಯಲ್ಲ.
ನಮ್ಮದು ಹೇಳದೆ ಕೇಳದೆ ಒಳಗೆ ಬಂದು ಮಣೆ ಹಾಕಿಕೊಂಡು ಕೂರುತ್ತೆ.
ಇದು ಕೈಗವಸು ತೊಟ್ಟ ಹೂ,
ಮುಖ ತೊಳೆದು, ಪೌಡರು ಬಳಿದು,
ಫೋಟೋಗೆ ನಿಂತ ಹಾಗೆ ನಿಂತಿತು, ಸ್ವಲ್ಪ ಹೆಚ್ಚೇ ನೆಟ್ಟಗೆ.

ಮನೆಯಲ್ಲಿ ಅವಳನ್ನು ಹೇಳುತ್ತಿದ್ದದ್ದೂ ಅದೇ.
ಬಿಂಕದವಳು. ಫಾರಿನ್ ಸೆಂಟಿನವಳು.
ಯಾರು ತಂದುಕೊಟ್ಟರೆಂದು ಕೇಳಿ ಕೇಳಿ ದೊಡ್ಡಪ್ಪ ತೀರಿಕೊಂಡ.

ಸಾಬರು ಪಟ್ಟಿಯನ್ನು ಮತ್ತೆ ಮೂಗಿಗೆ ತಂದರು. ನಕ್ಕರು.
'ಇದಕ್ಕೆ ಯಾರೋ ಕೈ ಹಾಕಿದ್ದಾರಮ್ಮ.
ಕಂಪನಿಯವನು ಇಷ್ಟು ಗಂಧದೆಣ್ಣೆ ಹಾಕಲ್ಲ, ಹಾಕಿದರೆ ದಿವಾಳಿ.
ಇದು ನೋಡು, ಲಾವಂಚ. ಇನ್ನೊಂದು... ಸೀಬೆ ಎಲೆಯೋ?
ಸೀಸೆ ಇಳಿದಾಗೆಲ್ಲ ತುಂಬಿಸಿದ್ದಾರೆ.
ಅಳತೆ ಗೊತ್ತಿದ್ದ ಕೈ.'

ಕೃಷ್ಣಮೂರ್ತಿಪುರಂ ಮನೆಯ ಬಚ್ಚಲ ಕಿಟಕಿ.
ಅಲ್ಲಿ ಇಂಕು ತುಂಬುವ ಡ್ರಾಪರು,
ಲೇಬಲ್ ಕಿತ್ತ ಪುಟ್ಟ ಬಾಟಲಿಗಳು,
ಮುಟ್ಟಿದರೆ ಕೈಮೇಲೆ ಏಟು.
ಇಂಕಿನ ಪೆನ್ನು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮೊದಲ ಸೀಸೆ ಯಾರದೋ ಇದ್ದೀತು.
ಉಳಿದ ಮೂವತ್ತು ವರ್ಷ ಅವಳದೇ.

ಸಾಬರು ದುಡ್ಡು ಮುಟ್ಟಲಿಲ್ಲ. ಇನ್ನೊಮ್ಮೆ ಮೂಸಿ ಪಟ್ಟಿ ಕೊಟ್ಟರು.
ಪರ್ಸಿನಲ್ಲಿಟ್ಟು ಸಿಟಿ ಬಸ್ಸು ಹತ್ತಿದೆ.
ರಾತ್ರಿ ತೆಗೆದರೆ ಹಣ್ಣಿಲ್ಲ, ಹೂವಿಲ್ಲ,
ಒದ್ದೆ ಬೇರು, ಗಂಧ,
ಜೊತೆಗೆ ಕಂಡಕ್ಟರು ಕೊಟ್ಟ ಚಿಲ್ಲರೆಯ ವಾಸನೆ.